ಇವತ್ತು ಯಾವ ಪಾಸು?

ನಮ್ಮೂರಿನಲ್ಲಿ ಬೆಳಿಗ್ಗೆ ಎದುರು ಸಿಕ್ಕವರು ಕಾಫಿ ಆಯಿತಾ ಎಂದು ಕೇಳುವುದಿಲ್ಲ, ಇವತ್ತು ಯಾವ ಪಾಸು ಎಂದು ಕೇಳುತ್ತಾರೆ. ಉತ್ತರ ಕೇಳಿದವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಆದರೂ ಕೇಳುತ್ತಾರೆ. ನನ್ನನ್ನು ಕಂಡರಂತೂ ಕೇಳದೆ ಬಿಡುವುದಿಲ್ಲ, ಯಾಕೆಂದರೆ ದಿನಾ ಬೆಳಿಗ್ಗೆ ಪುರಸಭೆಯ ಮುಂದಿನ ಕಂಬಕ್ಕೆ ಹಲಗೆ ತೂಗುಹಾಕುವವಳು ನಾನೇ. ನನ್ನ ಹೆಸರು ವಜ್ರಮ್ಮ. ಅಪ್ಪ ಮಾಡುತ್ತಿದ್ದ ಕೆಲಸ ಇದು, ನಾನು ಮಾಡಲು ಹಿಡಿದು ಹನ್ನೊಂದು ವರ್ಷವಾಯಿತು. "ಕಣ್ಣಿಲ್ವಾ, ಹೋಗಿ ಓದ್ಕೋ" ಎಂದು ನಾನು ಗದರುತ್ತೇನೆ. ನಾನು ಗದರಲಿ ಎಂದೇ ಕೇಳುವವರೂ ಇದ್ದಾರೆ.

ಹಲಗೆಗಳು ಏಳು, ಎಲ್ಲವೂ ಹಲಸಿನ ಮರದವು. ಏಳರ ಮೇಲೂ ಇಂಗ್ಲಿಷಿನ ಪಾಸ್ ಎಂಬ ಅದೇ ಒಂದು ಪದ, ನಾಲ್ಕೇ ಅಕ್ಷರ. ಅದರ ಕೆಳಗೆ ಕನ್ನಡದಲ್ಲಿ ಆ ದಿನದ ಅರ್ಥ. ಸೋಮವಾರ ತೇರ್ಗಡೆ, ಮಂಗಳವಾರ ಪಾಸು ಚೀಟಿ, ಬುಧವಾರ ಒಪ್ಪಿಗೆ, ಗುರುವಾರ ಕೈಯಿಂದ ಕೈಗೆ, ಶುಕ್ರವಾರ ತೀರಿಕೊಳ್ಳುವುದು, ಶನಿವಾರ ದಾಟುವುದು, ಭಾನುವಾರ ಹೊತ್ತು ಕಳೆಯುವುದು. ಆರು ಗಂಟೆಯೊಳಗೆ ಹಲಗೆ ಏರಿಸಬೇಕು, ಆರಕ್ಕೆ ಗಂಟೆ ಹೊಡೆಯಬೇಕು. ಗಂಟೆ ಹೊಡೆದ ಮೇಲೆ ಆ ದಿನ ಬೇರೆ ಹಲಗೆ ಕೊಕ್ಕೆಗೆ ಕೂರುವುದೇ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿಸಿ ಒಳಗಿಡಬೇಕು. ಒಮ್ಮೆ ಅಪ್ಪನಿಗೆ ಜ್ವರ ಬಂದು ಮಧ್ಯಾಹ್ನದವರೆಗೆ ಹಲಗೆ ಏರಲಿಲ್ಲ. ಊರಿನವರೆಲ್ಲ ಅಂಗಳದಲ್ಲಿ ಕೈಕಟ್ಟಿ ಕೂತಿದ್ದರಂತೆ, ಏನು ಮಾಡಬೇಕೋ ತಿಳಿಯದೆ.

ಒಗ್ಗಿಕೊಂಡವರಿಗೆ ಇದರಲ್ಲಿ ಕಷ್ಟವೇನಿಲ್ಲ. ಹೆಣ್ಣು ನೋಡಲು ಬರುವವರು ಬುಧವಾರ ಬರುತ್ತಾರೆ, ಬೇರೆ ದಿನ ಬಂದರೆ ಉಪ್ಪಿಟ್ಟು ತಿಂದು ಹೋಗಬಹುದು ಅಷ್ಟೇ, ಯಾರ ಬಾಯಿಂದಲೂ ಹೂಂ ಬರುವುದಿಲ್ಲ. ಬೇರೆ ದಿನಗಳಲ್ಲಿ ಮಧ್ಯಾಹ್ನ ಅನ್ನುವುದು ಎಳೆದಷ್ಟೂ ಮುಗಿಯದು, ಭಾನುವಾರ ಉಂಡ ಎಲೆ ಎತ್ತುವಷ್ಟರಲ್ಲಿ ಸಂಜೆ. ಹುಡುಗರು ಚೆಂಡಾಟ ಆಡುವುದು ಗುರುವಾರ ಮಾತ್ರ, ಬೇರೆ ದಿನ ಚೆಂಡು ಸಿಕ್ಕವನು ಒಬ್ಬನೇ ಓಡಬೇಕು. ಗುರುವಾರ ಬಿಟ್ಟು ಬೇರೆ ದಿನ ನಾವು ಒಬ್ಬರ ಕೈಯಿಂದ ಒಬ್ಬರ ಕೈಗೆ ಏನನ್ನೂ ಕೊಡುವುದಿಲ್ಲ. ಕೊಟ್ಟರೆ ನಡುವೆ ಬಿದ್ದುಹೋಗುತ್ತದೆ. ಹೊಸದಾಗಿ ಬಂದ ಅಧಿಕಾರಿಗಳು ಮೊದಲ ವಾರ ಲೋಟಗಟ್ಟಲೆ ಕಾಫಿ ಚೆಲ್ಲಿಕೊಳ್ಳುತ್ತಾರೆ. ನಾವು ಲೋಟವನ್ನು ಕೆಳಗಿಡುತ್ತೇವೆ, ಕೈ ತೆಗೆಯುತ್ತೇವೆ, ಆಮೇಲೆ ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ. ಹೆತ್ತ ಮಗುವನ್ನೂ ಸೂಲಗಿತ್ತಿ ಮೊರದಲ್ಲಿ ಮಲಗಿಸಿಯೇ ತಾಯಿಯ ಪಕ್ಕಕ್ಕೆ ಸರಿಸುವುದು.

ಹಾಗಾಗಿ ಇಡುವುದು, ಎತ್ತಿಕೊಳ್ಳುವುದು ನಮ್ಮಲ್ಲಿ ದೊಡ್ಡ ಮಾತು. ಒಬ್ಬರಿಗೆಂದು ಇಟ್ಟದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಬಂಗಾರವಾದರೂ ಸರಿ. ತನಗೆಂದು ಇಟ್ಟದ್ದನ್ನು ಎತ್ತಿಕೊಳ್ಳದೆ ಬಿಡುವುದೂ ಇಲ್ಲ. ಬೈದರೆ ಮರೆಯಬಹುದು, ಹೊಡೆದರೂ ನಾಲ್ಕು ದಿನಕ್ಕೆ ಮರೆಯಬಹುದು. ಇಟ್ಟದ್ದನ್ನು ಎತ್ತಿಕೊಳ್ಳದೆ ಹೋದರೆ ಅವರ ನಡುವೆ ಮುಗಿಯಿತು ಎಂದೇ ಅರ್ಥ. ನಾನು ಅದನ್ನು ಮಾಡಿದ್ದೇನೆ, ನನ್ನ ಒಡಹುಟ್ಟಿದ ಅಕ್ಕನಿಗೆ.

ಅಕ್ಕನ ಹೆಸರು ಮುತ್ತಮ್ಮ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ಹೋಗಿದ್ದರಿಂದ ನನಗೆ ಜಡೆ ಹಾಕಿದವಳು, ಹೇನು ತೆಗೆದವಳು, ಬೆನ್ನಿಗೆ ನಾಲ್ಕು ಬಿಟ್ಟವಳು ಎಲ್ಲ ಅವಳೇ. ಅಪ್ಪನ ಜೊತೆ ಹಲಗೆ ಹೊರುತ್ತಿದ್ದವಳೂ ಅವಳೇ. ಏಳು ಹಲಗೆಯ ಮೇಲಿನ ಅಕ್ಷರಗಳೂ ಅವಳ ಕೈಬರಹವೇ. ಇಂಗ್ಲಿಷ್ ಅವಳಿಗೆ ಬಾರದು, ಆ ನಾಲ್ಕು ಅಕ್ಷರ ಮಾತ್ರ ಬರುತ್ತಿತ್ತು. ಅವನ್ನು ಎಷ್ಟು ಮುದ್ದಾಗಿ ಬರೆಯುತ್ತಿದ್ದಳೆಂದರೆ ಓದು ಬಾರದವರೂ ನಿಂತು ನೋಡುತ್ತಿದ್ದರು. ಶುಕ್ರವಾರದ ಹಲಗೆಯಲ್ಲೂ ಕೊನೆಯ ಅಕ್ಷರದ ಬಾಲಕ್ಕೆ ಒಂದು ಸಣ್ಣ ಬಳ್ಳಿ ಬಿಟ್ಟಿದ್ದಳು. "ಸಾಯೋ ದಿನಕ್ಕೂ ಹೂ ಬಿಡಿಸ್ತೀಯಲ್ಲೇ" ಎಂದು ಅಪ್ಪ ನಗುತ್ತಿದ್ದರು.

ಅಪ್ಪ ತೀರಿಕೊಂಡ ಮೇಲಿನ ಬುಧವಾರ ಪುರಸಭೆಯಲ್ಲಿ ಕೆಲಸದ ಮಾತು ಬಂತು. ಏಳನೇ ತರಗತಿ ಪಾಸಾಗಿರಬೇಕು ಎಂದು ನಿಯಮ. ಅಕ್ಕ ಹಲಗೆ ಹೊರುತ್ತಾ ಪರೀಕ್ಷೆಗೆ ಕೂರಲೇ ಇಲ್ಲ, ನಾನು ಕೂತಿದ್ದೆ, ಪಾಸಾಗಿದ್ದೆ. ಆದರೂ ಅಧ್ಯಕ್ಷರು ಒಳ್ಳೆಯವರು, "ನಿಮ್ಮಕ್ಕ ಇಷ್ಟು ವರ್ಷ ಮಾಡಿದಾಳೆ, ಅವಳ ತಕರಾರು ಏನೂ ಇಲ್ವೇನಮ್ಮ?" ಎಂದು ಕೇಳಿದರು. ಅಕ್ಕ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಹೋಗಿ ಕೇಳಲು ಹತ್ತು ಹೆಜ್ಜೆ. ನಾನು ಕೂತಲ್ಲೇ "ಏನೂ ಇಲ್ಲ" ಅಂದೆ. ಬುಧವಾರವಾದ್ದರಿಂದ ತಕ್ಷಣ ಪಾಸಾಯಿತು. ಆ ಕೆಲಸದ ಮೇಲೆ ನನಗೆ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ.

ಅಕ್ಕ ಬಟ್ಟೆಯ ಗಂಟು ಕಟ್ಟಿದಳು. ಆ ಶನಿವಾರ ಊರಿನ ನಡುವಿನ ಗೇಟು ತೆರೆದಾಗ ಆಚೆಕೇರಿಯಲ್ಲಿದ್ದ ಗಂಡನ ಮನೆಗೆ ಹೊರಟಳು. ಅಪ್ಪನಿಗೆ ಕಾಯಿಲೆ ಎಂದು ಎರಡು ವರ್ಷದಿಂದ ನಮ್ಮಲ್ಲೇ ಇದ್ದಳು. ಹೊರಡುವಾಗ ಅಪ್ಪನ ಬಣ್ಣದ ಬ್ರಷ್ಷನ್ನು ಹೊಸ್ತಿಲ ಮೇಲಿಟ್ಟು, "ಅಕ್ಷರ ಮಾಸಿದ್ರೆ ತಿದ್ಕೋ" ಅಂದಳು. ನನಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದು, ಅದು ಅವಳಿಗೂ ಗೊತ್ತು. ಹಂಗಿಸುತ್ತಿದ್ದಾಳೆ ಅಂದುಕೊಂಡೆ. ಕೈಕಟ್ಟಿ ನಿಂತೆ. ಅವಳು ಅಂಗಳ ದಾಟಿ, ನಲ್ಲಿಯ ಹತ್ತಿರ ನಿಂತು, ತಿರುಗಿ ನೋಡಿದಳು. ಬಹಳ ಹೊತ್ತು ನಿಂತಿದ್ದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಹೊರಗೆ ಬಂದು ನೋಡಿದರೆ ಬ್ರಷ್ಷು ಇರಲಿಲ್ಲ. ನಮ್ಮೂರಲ್ಲಿ ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಅವಳೇ ಹಿಂದಕ್ಕೆ ಬಂದು ತೆಗೆದುಕೊಂಡು ಹೋಗಿದ್ದಳು.

ಆಚೆಕೇರಿ ಏನು ದೂರದ ಊರಲ್ಲ, ಗೇಟಿನ ಆಚೆಗಿನ ನಮ್ಮೂರೇ. ಅಲ್ಲಿಗೂ ಇದೇ ಹಲಗೆ. ಗೇಟಿನ ಅಡ್ಡ ದಂಡ ಶನಿವಾರ ಹಗ್ಗ ಮುಟ್ಟಿದರೆ ಏಳುತ್ತದೆ, ಬೇರೆ ದಿನ ಹತ್ತು ಜನ ಸೇರಿದರೂ ಜಗ್ಗುವುದಿಲ್ಲ. ಈಚೆಗೊಂದು ದಂಡ, ಆಚೆಗೊಂದು ದಂಡ, ನಡುವೆ ಇಪ್ಪತ್ತು ಮಾರು ಬಯಲು. ಆ ಬಯಲಿನಲ್ಲಿ ಶನಿವಾರ ಬಿಟ್ಟು ಬೇರೆ ದಿನ ಯಾರ ಕಾಲೂ ಊರುವುದಿಲ್ಲ. ಹನ್ನೊಂದು ವರ್ಷದ ಶನಿವಾರಗಳನ್ನು ಲೆಕ್ಕ ಹಾಕಿಕೊಳ್ಳಿ. ಅಷ್ಟೂ ಸಲ ಆ ಗೇಟು ತೆರೆಯುವ ಹಲಗೆಯನ್ನು ನಾನೇ ತೂಗುಹಾಕಿದ್ದೇನೆ, ಒಂದು ಸಲವೂ ದಾಟಲಿಲ್ಲ. ಹೋದರೆ ಅವಳೇನು ಕೊಲ್ಲುತ್ತಿದ್ದಳೇ? ಬಾ ಅನ್ನುತ್ತಿದ್ದಳು, ಅದೇ ನನಗೆ ಹೆದರಿಕೆ. ಹಲಗೆಗಳ ಬಣ್ಣ ಮಾಸಿತು. ಹೊಸದಾಗಿ ಬರೆಸಿ ಎಂದು ಊರಿನವರು ಹೇಳಿದಾಗಲೆಲ್ಲ ನೋಡೋಣ ನೋಡೋಣ ಎಂದು ಜಾರಿಕೊಂಡೆ. ಅಕ್ಕನ ಅಕ್ಷರದ ಮೇಲೆ ಬೇರೆ ಯಾರದೋ ಕೈ ಆಡುವುದು ನನಗೆ ಬೇಡವಾಗಿತ್ತು.

ಕಳೆದ ಗುರುವಾರ ಸಂಜೆ ಹಲಗೆ ಇಳಿಸಿ ಬೀಗ ಹಾಕುತ್ತಿದ್ದಾಗ ಗೇಟು ಕಾಯುವ ತಿಬ್ಬಯ್ಯ ಏದುಸಿರು ಬಿಡುತ್ತಾ ಬಂದ. ಆಚೆಯವರು ಕೂಗಿ ಹೇಳಿದ್ದನ್ನು ಈಚೆಯವರಿಗೆ ಮುಟ್ಟಿಸುವುದು ಅವನ ಕೆಲಸ. ಅರ್ಧ ಮಾತು ಅವನೇ ಸೇರಿಸುತ್ತಾನೆ ಎಂದು ನಾನು ಯಾವಾಗಲೂ ರೇಗಿಸುತ್ತಿದ್ದೆ. ಆವತ್ತು ಅವನು ಏನೂ ಸೇರಿಸಲಿಲ್ಲ.

"ಮುತ್ತಕ್ಕಂಗೆ ಆಗ್ತಾ ಇಲ್ಲ ಕಣವ್ವಾ. ಎದೆಯಲ್ಲಿ ನೀರು ತುಂಬೈತಂತೆ. ನಾಳೆ ಹೋಗ್ಬಿಡ್ತಾರೆ ಅಂತ ಡಾಕ್ಟ್ರು ಹೇಳವ್ರಂತೆ."

"ನಾಳೆ ಶುಕ್ರವಾರ" ಅಂದೆ.

"ಅದಕ್ಕೇ ನಾಳೆ ಅಂದಿದ್ದು."

ನಾಳೆ ಶುಕ್ರವಾರ, ನಾಡಿದ್ದು ಶನಿವಾರ. ನಾನು ದಾಟುವ ಹೊತ್ತಿಗೆ ಅವಳಿರುವುದಿಲ್ಲ. ಮನೆಗೆ ಬಂದೆ, ಒಲೆ ಹಚ್ಚಲಿಲ್ಲ. ಹನ್ನೊಂದು ವರ್ಷ ಬೇಡವಾಗಿದ್ದ ಅಕ್ಕ ಒಂದೇ ಸಂಜೆಯಲ್ಲಿ ಎಷ್ಟು ಬೇಕಾದಳೆಂದರೆ, ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕೊನೆಗೆ ನನ್ನ ತಲೆಗೆ ಒಂದು ವಿಷಯ ಹೊಳೆಯಿತು. ಹೊಳೆಯಿತು ಅನ್ನುವುದು ಸುಳ್ಳು, ತಿಬ್ಬಯ್ಯ ಬಾಯಿ ತೆರೆದಾಗಲೇ ಹೊಳೆದಿತ್ತು. ಹಲಗೆ ಅದಲುಬದಲು ಮಾಡಿದರೆ ಆಯಿತು. ನಾಳೆ ದಾಟುವುದು, ನಾಡಿದ್ದು ತೀರಿಕೊಳ್ಳುವುದು. ಒಂದು ದಿನದ ಮಾತು. ಅಕ್ಕನ ಪಕ್ಕದಲ್ಲಿ ಒಂದು ದಿನ ಕೂರಬಹುದು. ಅಪ್ಪನ ಕಾಲದಿಂದ ಯಾರೂ ಮಾಡಿಲ್ಲ ನಿಜ, ಮಾಡಬಾರದು ಎಂದು ಎಲ್ಲೂ ಬರೆದಿಟ್ಟಿಲ್ಲ.

ಒಂದು ಮುಖ ಮಾತ್ರ ಅಡ್ಡ ಬರುತ್ತಿತ್ತು. ಪುರಸಭೆಯ ಹಿಂದಿನ ಬೀದಿಯಲ್ಲಿ ಪುಟ್ಟಮಾದಯ್ಯ ಅನ್ನುವ ದರ್ಜಿ, ಊರಿನ ಅರ್ಧ ಜನಕ್ಕೆ ರವಿಕೆ ಅಂಗಿ ಹೊಲಿದವನು. ಹೊಟ್ಟೆಯಲ್ಲಿ ಗಡ್ಡೆ. ಅದರ ಹಿಂದಿನ ಶುಕ್ರವಾರವೇ ಹೋಗಬೇಕಿತ್ತು, ಆವತ್ತೇ ಯಾಕೋ ಸ್ವಲ್ಪ ಗೆಲುವಾಗಿ ಒಂದು ಲೋಟ ಗಂಜಿ ಕುಡಿದ. ಶನಿವಾರ ಬೆಳಿಗ್ಗೆಯಿಂದ ಹಿಡಿದ ನರಳಾಟ ನಿಂತಿಲ್ಲ. ಬೀದಿಯವರು ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಿದ್ದರು. ಅವನ ಹೆಂಡತಿ ನಿಂಗಾಜಮ್ಮ ದಿನಾ ಬೆಳಿಗ್ಗೆ ಕಂಬದ ಹತ್ತಿರ ಬಂದು, ಹಲಗೆ ನೋಡಿ, ಸುಮ್ಮನೆ ಹೋಗುತ್ತಿದ್ದಳು. ಅವಳೊಬ್ಬಳು ಮಾತ್ರ ನನ್ನನ್ನು ಯಾವ ಪಾಸು ಎಂದು ಕೇಳುತ್ತಿರಲಿಲ್ಲ. ಏಳು ದಿನ ತಡೆದವನಿಗೆ ಇನ್ನೊಂದು ದಿನ ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯವರ ನೋವಿನ ವಿಷಯದಲ್ಲಿ ನನಗೆ ಎಷ್ಟು ತಾಳ್ಮೆ ಇತ್ತು ನೋಡಿ.

ಶುಕ್ರವಾರ ಐದೂವರೆಗೆಲ್ಲ ಹೋಗಿ ಬೀಗ ತೆಗೆದೆ. ಶನಿವಾರದ ಹಲಗೆಯನ್ನು ಹೊತ್ತು ತಂದು, ಏಣಿ ಹತ್ತಿ, ಕೊಕ್ಕೆಗೆ ಹಾಕಿದೆ. ಕೂರುವುದಿಲ್ಲವೇನೋ ಅಂದುಕೊಂಡಿದ್ದೆ, ಸಲೀಸಾಗಿ ಕೂತಿತು. ಕೆಳಗಿಳಿದು ಗಂಟೆಯ ಹಗ್ಗ ಹಿಡಿದು ಆರಾಗುವುದನ್ನು ಕಾಯುತ್ತಾ ನಿಂತೆ. ದೂರದಲ್ಲಿ ಗೇಟಿನ ಕಡೆಯಿಂದ ಕಬ್ಬಿಣ ಕಿರ್ರೆಂದ ಸದ್ದು, ಅದರ ಹಿಂದೆಯೇ ತಿಬ್ಬಯ್ಯ "ಏಯ್ ಏಯ್" ಎಂದು ಕೂಗಿದ್ದು ಕೇಳಿಸಿತು. ದಂಡ ಹಗುರಾಗಿ ಏಳುತ್ತಿದೆ ಎಂದು ಗೊತ್ತಾಯಿತು.

ಆಗ ನಿಂಗಾಜಮ್ಮ ಬಂದಳು. ಸೆರಗು ಹೆಗಲ ಮೇಲೆ ನಿಂತಿರಲಿಲ್ಲ, ಒಂದು ಕಾಲಿಗೆ ಮಾತ್ರ ಚಪ್ಪಲಿ. ಎಂದಿನಂತೆ ತಲೆ ಎತ್ತಿ ಹಲಗೆ ನೋಡಿದಳು. ಇನ್ನೊಮ್ಮೆ ನೋಡಿದಳು. ನಾನು ಬೈಗುಳಕ್ಕೆ ಸಿದ್ಧವಾಗಿದ್ದೆ, ಬೈದರೆ ತಿರುಗಿ ಬೈಯುವುದಕ್ಕೂ ಸಿದ್ಧವಾಗಿದ್ದೆ. ಅವಳು ಬೆರಳು ಮಡಚಿ ದಿನ ಎಣಿಸಲು ಶುರುಮಾಡಿದಳು.

"ಶನಿವಾರ ಆಗೋಯ್ತಾ ವಜ್ರವ್ವಾ?" ಅಂದಳು.

ನಾನು ಗಂಟೆಯ ಹಗ್ಗದ ಕಡೆ ತಿರುಗಿದೆ.

"ಹಂಗಾದ್ರೆ ನೆನ್ನೆ ಶುಕ್ರವಾರ. ಅಯ್ಯೋ ನನ್ನ ಬುದ್ಧಿಗಿಷ್ಟು. ಅವ್ರ ಪಕ್ಕದಲ್ಲಿ ಕೂತ್ಕಂಡೇ ನಿದ್ದೆ ಹೋಗ್ಬಿಡ್ತೀನಿ, ಹಗಲ್ಯಾವ್ದು ರಾತ್ರಿಯಾವ್ದು ಒಂದೂ ಗೊತ್ತಾಗಲ್ಲ. ನಾನು ನಿದ್ದೆಯಾಗಿದ್ದಾಗ ಶುಕ್ರವಾರ ಬಂದು ಹೋಗ್ಬಿಡ್ತೇನೋ." ಅವಳು ಕಂಬಕ್ಕೆ ಒರಗಿದಳು. "ನಾಳೆ ಬರುತ್ತೆ, ನಾಳೆ ಬರುತ್ತೆ ಅಂತ ರಾತ್ರಿಯೆಲ್ಲಾ ಅವ್ರಿಗೆ ಹೇಳ್ಕಂಡಿದ್ದೆ. ಈಗ ಹೋಗಿ ಏನಂತ ಹೇಳ್ಲವ್ವಾ? ಇನ್ನೊಂದು ವಾರ ತಡ್ಕಳಿ ಅಂತ ಹೇಳ್ಲಾ?"

ನನ್ನ ಮೇಲೆ ಒಂದಿಷ್ಟೂ ಅನುಮಾನವಿಲ್ಲ. ತನ್ನ ಲೆಕ್ಕವೇ ತಪ್ಪು, ತನ್ನ ನಿದ್ದೆಯೇ ತಪ್ಪು, ಹಲಗೆ ಮಾತ್ರ ಸರಿ. ಅಪ್ಪನ ಕಾಲದಿಂದ ಆ ಕಂಬ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಇವತ್ತಲ್ಲ, ನಾಳೆ ಹೋಗುತ್ತಾನೆ ಬಿಡು ಎಂದು ಒಂದು ಮಾತು ಹೇಳಿದ್ದರೆ ಅವಳು ಹೂಂ ಎಂದು ಹೋಗುತ್ತಿದ್ದಳು. ಯಾಕೆ ಎಂದೂ ಕೇಳುತ್ತಿರಲಿಲ್ಲ. ಆ ಮಾತು ನನ್ನ ನಾಲಗೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ಹಿಂದಿನ ಬೀದಿಯಿಂದ ಪುಟ್ಟಮಾದಯ್ಯನ ದನಿ ಕೇಳಿತು. ಅದನ್ನು ದನಿ ಅನ್ನಬಾರದು. ನಿಂಗಾಜಮ್ಮ ಕಣ್ಣು ಮುಚ್ಚಿಕೊಂಡಳು.

"ನಿನ್ನ ಲೆಕ್ಕ ಸರಿಯಾಗೇ ಐತೆ ಕಣೆ" ಅಂದೆ. "ತಪ್ಪಿದ್ದು ನಾನು. ಇವತ್ತು ಶುಕ್ರವಾರ. ನೀನು ಮನೆಗೆ ನಡಿ, ಅವರ ತಲೆ ತೊಡೆ ಮೇಲೆ ಇಟ್ಕೊಂಡು ಕೂತ್ಕೋ."

ಮತ್ತೆ ಏಣಿ ಹತ್ತಿದೆ. ಶನಿವಾರವನ್ನು ಇಳಿಸಿದೆ, ಶುಕ್ರವಾರವನ್ನು ಏರಿಸಿದೆ. ಬಳ್ಳಿಯಿದ್ದ ಆ ಕೊನೆಯ ಅಕ್ಷರ ಸರಿಯಾಗಿ ನನ್ನ ಮೂಗಿನ ಮುಂದೆ ಇತ್ತು. ಗೇಟಿನ ದಂಡ ಧಡ್ ಎಂದು ಬಿದ್ದದ್ದು ಊರಿಗೆಲ್ಲ ಕೇಳಿಸಿತು. ಆರಾಯಿತು. ನನ್ನ ಅಕ್ಕನ ಗಂಟೆಯನ್ನು ನನ್ನ ಕೈಯಾರೆ ಹೊಡೆದೆ, ಅಳುತ್ತಲೇ ಹೊಡೆದೆ. ಎಂಟು ಗಂಟೆಯ ಹೊತ್ತಿಗೆ ಹಿಂದಿನ ಬೀದಿ ನಿಶ್ಶಬ್ದವಾಯಿತು. ಜನ ಕಿವಿಯ ಹತ್ತಿ ತೆಗೆದು, ನಿಂಗಾಜಮ್ಮನ ಮನೆಯ ಕಡೆ ನಡೆದರು.

ನಾನು ಗೇಟಿಗೆ ಹೋದೆ. ಹೋಗಿ ಏನು ಮಾಡುವುದೆಂದು ತಿಳಿದಿರಲಿಲ್ಲ. ಆಚೆಕೇರಿಗೆ ಇಪ್ಪತ್ತು ಮಾರು ದೂರದಲ್ಲಾದರೂ ಇರೋಣ ಅಂದುಕೊಂಡು ದಂಡಕ್ಕೆ ಒರಗಿ ನಿಂತೆ. ತಿಬ್ಬಯ್ಯ ನನ್ನ ಮುಖ ನೋಡಿದ, ಬೆಳಗಿನ ವಿಷಯ ಎತ್ತಲಿಲ್ಲ. ತನ್ನ ಸ್ಟೂಲನ್ನು ನನ್ನ ಪಕ್ಕಕ್ಕೆ ಇಟ್ಟು ದೂರ ಸರಿದ. ನಾನು ಅದನ್ನು ಎಳೆದುಕೊಂಡು ಕೂತೆ.

ಹತ್ತೂವರೆಯ ಸುಮಾರಿಗೆ ಆಚೆಕೇರಿಯ ಬೀದಿಯಲ್ಲಿ ನಾಲ್ಕು ಜನ ಒಂದು ಕುರ್ಚಿಯನ್ನು ಹೊತ್ತು ತರುವುದು ಕಾಣಿಸಿತು. ಕುರ್ಚಿಯಲ್ಲಿ ಕಂಬಳಿ ಹೊದ್ದ ಒಂದು ಪುಟ್ಟ ಜೀವ. ನನ್ನ ಅಕ್ಕ ದಪ್ಪ ಹೆಂಗಸು. ಯಾರೋ ಬೇರೆ ಮುದುಕಿ ಇರಬೇಕು ಅಂದುಕೊಂಡೆ. ಆಚೆಯ ದಂಡದ ಪಕ್ಕದಲ್ಲಿ ಕುರ್ಚಿ ಇಳಿಸಿದರು. ಅವಳು ತಲೆಯನ್ನು ಒಂದು ಕಡೆಗೆ ವಾಲಿಸಿ ನನ್ನನ್ನು ಹುಡುಕಿದಳು. ಜಡೆ ಹಾಕುವಾಗ ಬೈತಲೆ ನೆಟ್ಟಗಿದೆಯೇ ಎಂದು ಹೀಗೇ ನೋಡುತ್ತಿದ್ದಳು.

"ಅಕ್ಕಾ!" ಎಂದು ಕೂಗಿದೆ.

ಅವಳ ದನಿ ಇಪ್ಪತ್ತು ಮಾರು ದಾಟುವಂತಿರಲಿಲ್ಲ. ಅವಳು ಹೇಳಿದ್ದನ್ನು ಕುರ್ಚಿ ಹೊತ್ತವನೊಬ್ಬ ಬಗ್ಗಿ ಕೇಳಿ, ನಮಗೆ ಕೂಗಿ ಹೇಳಿದ.

"ಶುಕ್ರವಾರ ಬೆಳಿಗ್ಗೆ ಗೇಟು ಎದ್ದು ಬಿತ್ತು ಅಂತ ನಮ್ಮ ಬೀದಿಯೋರು ಮಾತಾಡ್ತಾ ಇದ್ರಂತೆ. ಯಾರು ಎಬ್ಬಿಸಿದ್ದು ಅಂತ ನನಗೆ ಯಾರೂ ಹೇಳ್ಬೇಕಾಗ್ಲಿಲ್ಲ ಅಂತವ್ರೆ."

"ನಾನೇ ಕಣೇ ಅಕ್ಕಾ. ಆಮೇಲೆ ನಾನೇ ಇಳಿಸ್ಬಿಟ್ಟೆ. ನಿನ್ನ ನೋಡ್ಬೇಕು ಅಂತ ಏರಿಸ್ದೆ, ಆಗ್ಲಿಲ್ಲ ಕಣೇ!"

ಅವನು ಮತ್ತೆ ಬಗ್ಗಿದ. "ಇಳಿಸಿದ್ದು ಒಳ್ಳೇದಾಯ್ತು ಅಂತವ್ರೆ. ಇಳಿಸ್ದೆ ಇದ್ದಿದ್ರೆ ಅಪ್ಪ ಅಲ್ಲಿ ನನ್ನ ಬಯ್ಯೋರು, ತಂಗೀಗೆ ಇಷ್ಟೂ ಹೇಳ್ಕೊಡ್ಲಿಲ್ವಾ ಅಂತ, ಅಂತವ್ರೆ."

ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅವತ್ತು ಸಭೆಯಲ್ಲಿ ನಿನ್ನನ್ನು ಕೇಳದೆ ಏನೂ ಇಲ್ಲ ಅಂದದ್ದು ತಪ್ಪಾಯಿತು ಎಂದು ಇಡೀ ಆಚೆಕೇರಿಗೆ ಕೇಳುವಂತೆ ಕೂಗಿದೆ. ಹತ್ತು ಹೆಜ್ಜೆ ಎದ್ದು ಬರದಿದ್ದದ್ದಕ್ಕೆ ಈಗ ಇಪ್ಪತ್ತು ಮಾರು ದೂರದಿಂದ ಕೂಗಬೇಕಾಯಿತು. ಅವಳು ಕೈಯಾಡಿಸಿದಳು, ಸಾಕು ಬಿಡು ಅನ್ನುವ ಹಾಗೆ. ಆಮೇಲೆ ಕಂಬಳಿಯೊಳಗಿಂದ ಏನನ್ನೋ ತೆಗೆದಳು. ದೂರದಿಂದಲೂ ನನಗೆ ಗುರುತು ಸಿಕ್ಕಿತು. ಅಪ್ಪನ ಬ್ರಷ್ಷು. ಅದರ ಹಿಡಿಗೆ ಅಪ್ಪ ಸುತ್ತಿದ್ದ ಕೆಂಪು ದಾರ ಹಾಗೇ ಇತ್ತು. ಹೊತ್ತವರ ಹೆಗಲು ಹಿಡಿದು, ಬಹಳ ಕಷ್ಟಪಟ್ಟು ಬಗ್ಗಿ, ದಂಡದ ಬುಡದಲ್ಲಿ ನೆಲದ ಮೇಲೆ ಅದನ್ನು ಇಟ್ಟಳು. ಕೈ ತೆಗೆದಳು.

"ಅಕ್ಷರ ಮಾಸಿದ್ರೆ ತಿದ್ಕೋ ಅಂತವ್ರೆ" ಎಂದು ಅವನು ಕೂಗಿದ. "ಹಂಗ್ಸೋಕೆ ಹೇಳಿದ್ದಲ್ಲ, ಅವತ್ತೂ ಅಲ್ಲ ಅಂತವ್ರೆ."

ಎತ್ತಿಕೊಳ್ಳಲು ನನ್ನ ಕೈ ಚಾಚಿತು. ದಂಡ ಎದೆಗೆ ಒತ್ತಿ ನಿಂತಿತು, ಕೂದಲೆಳೆಯಷ್ಟೂ ಜಗ್ಗಲಿಲ್ಲ. ಅವಳು ನನ್ನ ಚಾಚಿದ ಕೈಯನ್ನೇ ನೋಡುತ್ತಿದ್ದಳು. ನಲ್ಲಿಯ ಹತ್ತಿರ ನಿಂತು ನೋಡಿದ್ದಳಲ್ಲ, ಹಾಗೆಯೇ ಬಹಳ ಹೊತ್ತು ನೋಡಿದಳು. ಈ ಸಲ ನಾನು ಒಳಗೆ ಹೋಗಲಿಲ್ಲ, ಕೈಯನ್ನೂ ಹಿಂದಕ್ಕೆ ತೆಗೆಯಲಿಲ್ಲ. ಬಿಸಿಲು ಏರಿದ ಮೇಲೆ ಅವಳನ್ನು ಎತ್ತಿಕೊಂಡು ಹೋದರು. ಮೂರು ಗಂಟೆಗೆ ತಿಬ್ಬಯ್ಯ ಪುರಸಭೆಯ ಬಾಗಿಲಿಗೆ ಬಂದು ತಲೆಯ ಮೇಲಿನ ಟವಲು ತೆಗೆದು ನಿಂತ. ಕೇಳುವ ಅಗತ್ಯವಿರಲಿಲ್ಲ.

ಶನಿವಾರ ಹಲಗೆ ಏರಿಸಿ, ಗಂಟೆ ಹೊಡೆದು, ನಾನು ಗೇಟಿಗೆ ಹೋಗುವಷ್ಟರಲ್ಲಿ ಆರೂಕಾಲು. ಶನಿವಾರ ಆ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಾಲಿನವರು, ಗಾಡಿಯವರು, ತವರಿಗೆ ಹೊರಟವರು, ಮೈಯೆಲ್ಲ ಮೊಣಕೈ. ಆವತ್ತು ಎರಡು ದಂಡಗಳೂ ಎದ್ದು ನಿಂತಿದ್ದವು, ನಡುವಿನ ಬಯಲು ಮಾತ್ರ ಖಾಲಿ. ಈಚೆಯವರು ಈಚೆ, ಆಚೆಯವರು ಆಚೆ, ಒಬ್ಬರೂ ದಾಟಿರಲಿಲ್ಲ. ಆಚೆಯ ದಂಡದ ಬುಡದಲ್ಲಿ ರಾತ್ರಿಯ ಇಬ್ಬನಿಯಲ್ಲಿ ನೆನೆದ ಬ್ರಷ್ಷು ಅಕ್ಕ ಇಟ್ಟ ಹಾಗೆಯೇ ಇತ್ತು. ಅದನ್ನು ತುಳಿಯದಂತೆ ಗಾಡಿಯವರು ಎತ್ತುಗಳ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಜನರ ನಡುವೆ ನಿಂಗಾಜಮ್ಮನೂ ಇದ್ದಳು, ಬೋಳು ಹಣೆ, ಎರಡೂ ಕಾಲಿಗೆ ಚಪ್ಪಲಿ. ಗಂಡನ ಸುದ್ದಿಯನ್ನು ಆಚೆಯ ನೆಂಟರಿಗೆ ತಿಳಿಸಲು ಹೊರಟಿದ್ದಳು. ನನಗೆ ದಾರಿ ಬಿಟ್ಟು, "ಹೋಗವ್ವಾ, ಎಲ್ರೂ ಕಾಯ್ತಾ ಅವ್ರೆ" ಅಂದಳು.

ನಾನು ಇಪ್ಪತ್ತು ಮಾರು ನಡೆದೆ. ಬಗ್ಗಿ ಬ್ರಷ್ಷನ್ನು ಎತ್ತಿಕೊಂಡೆ. ಆಮೇಲೆ ನನ್ನ ಹಿಂದೆ ಗಾಡಿಗಳು ಹೊರಟವು.